ಭಾಬಿ ಆಮೀನ್ ಅಂದದ್ದು, ಅನ್ನದೇ ಬಿಟ್ಟದ್ದು

ಎದುರುಮನೆಗೆ ಹೊಸ ಬಾಡಿಗೆಯವರು ಬರುವ ಮುಂಚೆ ನಮ್ಮ ಓನರ್ ಅಮ್ಮ ಮೆಟ್ಟಿಲು ಹತ್ತಿ ಮೇಲೆ ಬಂದರು. ಸೋಫಾದ ತುದಿಯಲ್ಲಿ ಕೂತು, ದನಿ ತಗ್ಗಿಸಿ ಕೇಳಿದರು: “ಟೀಚರ್, ಎದುರುಗಡೆ ಮನೆಗೆ ಸಾಬರು ಬತ್ತೀವಿ ಅಂತಾವ್ರೆ. ನಿಮಗೇನೂ ತೊಂದ್ರೆ ಇಲ್ಲ ತಾನೆ?”

“ನಾವು ಬರೋ ಮುಂಚೆ, ಆಗ ಎದುರುಗಡೆ ಇದ್ದೋರನ್ನ ಹೀಗೇ ಕೇಳಿದ್ರಾ ಅಮ್ಮ?” ಅಂದೆ.

“ಕೇಳ್ದೆ ಇರ್ತೀನಾ? ಕ್ರಿಶ್ಚನ್ನರು ಬತ್ತಾವ್ರೆ ಅಂತ ಕೇಳಿದ್ದೆ,” ಅಂತ ಒಂದಿಷ್ಟೂ ಅಳುಕದೆ ನಕ್ಕರು.

ಜರಗನಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಹೆಂಗಸು ಅವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಯಾರು ಬಂದರೂ ಅವರಿಗೆ ಸರಿಯೇ, ಮೋಟರ್ ಆಫ್ ಮಾಡಲು ಮರೆಯಬಾರದು ಅಷ್ಟೆ. ನಾನು ತೊಂದರೆಯಿಲ್ಲ ಅಂದೆ. ಅವರು ಕಾಫಿ ಕುಡಿದು ಇಳಿದು ಹೋದರು.

ಹಾಗೆ ಬಂದವರು ನಮ್ಮ ಭಾಬಿ. ಮೊದಲು ನಾನು ಅವರನ್ನು ಆಂಟಿ ಅಂದೆ. “ನಾನು ನಿಮಗಿಂತ ಚಿಕ್ಕೋಳು ಟೀಚರ್, ಕೂದಲು ನೋಡಿ ಮೋಸ ಹೋಗ್ಬೇಡಿ,” ಅಂದರು. ಆವತ್ತಿನಿಂದ ಭಾಬಿ. ಅವರ ಗಂಡ ಭಾಯಿ. ಕನಕಪುರ ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿರುವ, ಮಾತು ಕಡಿಮೆಯ ಮನುಷ್ಯ. ಒಬ್ಬಳೇ ಮಗಳು, ತುಮಕೂರಿಗೆ ಕೊಟ್ಟಿದ್ದಾರೆ. ಭಾಬಿ ರಾಮನಗರದ ಕಡೆಯವರು, ಅವರಪ್ಪ ರೇಷ್ಮೆಗೂಡಿನ ವ್ಯಾಪಾರದಲ್ಲಿದ್ದವರಂತೆ. ಹಾಗಾಗಿ ಅವರ ಕನ್ನಡ ನನ್ನ ಕನ್ನಡಕ್ಕಿಂತ ಗಟ್ಟಿ. ಇಡೀ ಜೀವಮಾನ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿ ರಿಟೈರ್ ಆದ ನಾನೇ ಇದನ್ನು ಹೇಳುತ್ತಿದ್ದೇನೆ ಅಂದರೆ ನಂಬಬಹುದು.

ಅವರು ಮನೆಯಲ್ಲೇ ಬ್ಲೌಸಿಗೆ ಕಸೂತಿ ಹಾಕುತ್ತಿದ್ದರು, ಈಗಲೂ ಹಾಕುತ್ತಾರೆ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಕೂತರೆ ಕೈ ಒಂದು ಕಡೆ ಓಡುತ್ತದೆ, ಬಾಯಿ ಇನ್ನೊಂದು ಕಡೆ. ಅವರ ಮಾತಿಗೆ ಮುನ್ನುಡಿ ಇರುವುದಿಲ್ಲ. ಮೊದಲನೇ ವಾರ ಟೆರೇಸಿನಲ್ಲಿ ಇಬ್ಬರೂ ಬಟ್ಟೆ ಒಣಗಿಸುತ್ತಿದ್ದಾಗ ಕೇಳಿಯೇಬಿಟ್ಟರು.

“ಟೀಚರ್, ನೀವು ಹಂದಿ ತಿಂತೀರಾ?”

ನನ್ನ ಕೈಯಲ್ಲಿದ್ದ ಒದ್ದೆ ಟವೆಲ್ ಹಾಗೇ ನಿಂತಿತು. ಇಲ್ಲ ಅಂದುಬಿಡಬಹುದಿತ್ತು. ನಾನು ತಿನ್ನುವುದಿಲ್ಲ, ಅದು ನಿಜವೇ. ಆದರೆ ಅವರು ಕೇಳಿದ್ದು ನನ್ನೊಬ್ಬಳ ವಿಷಯವಲ್ಲ, ಇಡೀ ಮನೆಯ ವಿಷಯ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

“ನಾನು ತಿನ್ನಲ್ಲ. ನಮ್ಮನೆಯವರು ತಿಂತಾರೆ. ಕ್ರಿಸ್‌ಮಸ್‌ಗೆ ಮನೇಲೂ ಮಾಡ್ತೀವಿ.”

“ಪಾತ್ರೆ ಬೇರೆನಾ?”

“ಇಲ್ಲ ಭಾಬಿ. ಎಲ್ಲಾ ಒಂದೇ.”

ಅವರು ದುಪಟ್ಟಾ ಕೊಡವಿ ಹಗ್ಗಕ್ಕೆ ಹಾಕಿ ಕ್ಲಿಪ್ ಒತ್ತಿದರು. “ಹಂಗಾದ್ರೆ ನಿಮ್ಮನೇಲಿ ಊಟ ಮಾಡಕ್ಕಾಗಲ್ಲ. ಟೀ ಕುಡೀತೀನಿ, ಗಾಜಿನ ಲೋಟದಲ್ಲಿ ಕೊಡಿ. ಬೇಜಾರು ಮಾಡ್ಕೋಬೇಡಿ, ಏನೇನೋ ನೆಪ ಹೇಳೋದಕ್ಕಿಂತ ಇದೇ ವಾಸಿ.”

ಕೆಳಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ, “ನನ್ನ ಹಂದಿ ವಿಷಯ ಯಾಕೆ ತೆಗೆದೆ ಮಾರಾಯ್ತಿ, ಪರಿಚಯ ಆಗಕ್ಕೆ ಬೇರೆ ಏನೂ ಸಿಗಲಿಲ್ವಾ?” ಅಂದರು.

ನನಗೆ ಬೇಜಾರಾಗಲಿಲ್ಲ. ಒಂಥರಾ ಹಗುರವೇ ಆಯಿತು. ಮುಂದಿನ ವಾರ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಹೊಸ ಕುಕ್ಕರು, ಬಾಣಲೆ, ಸೌಟು, ನಾಲ್ಕಾರು ತಟ್ಟೆ ತಂದೆ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಬೇರೆಯಾಗಿ ಜೋಡಿಸಿಟ್ಟೆ. ಭಾಬಿ ಕೋಳಿ ತರುವ ಅಂಗಡಿ ಯಾವುದು ಅಂತ ಭಾಯಿಯನ್ನು ಕೇಳಿ ಅಲ್ಲಿಂದಲೇ ತರಿಸಿದೆ. ಭಾನುವಾರ ಅವರಿಬ್ಬರನ್ನೂ ಊಟಕ್ಕೆ ಕರೆದು ಶೆಲ್ಫು ತೋರಿಸಿದೆ.

“ಇದೆಲ್ಲ ಯಾಕೆ ತಂದ್ರಿ?” ಅಂದರು ಭಾಬಿ.

“ನಿಮಗೆ ಊಟ ಹಾಕಕ್ಕೆ.”

ಅವರು ಆ ತಟ್ಟೆಯನ್ನು ತಿರುವಿ ಮುರುವಿ ನೋಡಿದರು. ಕಣ್ಣು ಒದ್ದೆಯಾಯಿತೇನೋ ಅನ್ನಿಸಿತು. ಕೂತು ಮುದ್ದೆ ಮುರಿದು, ಕೋಳಿಸಾರಿಗೆ ಅದ್ದಿ ಒಂದು ತುತ್ತು ನುಂಗಿ, “ಉಪ್ಪು ಕಮ್ಮಿ ಟೀಚರ್,” ಅಂದರು. ಆಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ನಮ್ಮ ಸ್ನೇಹ ಕುದುರಿದ್ದು ಹೀಗೆ. ಗಂಡಸರಿಬ್ಬರ ಸ್ನೇಹ ಇನ್ನೂ ಸುಲಭವಾಗಿ ಕುದುರಿತು, ಯಾಕೆಂದರೆ ಅವರಿಬ್ಬರೂ ಕ್ರಿಕೆಟ್ ಮತ್ತು ನೀರಿನ ಟ್ಯಾಂಕು ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಮ್ಯಾಚ್ ಇದ್ದ ದಿನ ಭಾಯಿ ಅಂಗಡಿ ಬೇಗ ಮುಚ್ಚಿ ನಮ್ಮ ಹಾಲ್‌ನಲ್ಲಿ ಬಂದು ಕೂರುತ್ತಿದ್ದರು. ವಿಕೆಟ್ ಬಿದ್ದಾಗ ಇಬ್ಬರೂ ಒಟ್ಟಿಗೇ ಬೈಯುತ್ತಿದ್ದರು. ನಾವು ಹೆಂಗಸರು ಮಾತ್ರ ದೇವರ ವಿಷಯಕ್ಕೇ ಕೈ ಹಾಕಿದೆವು.

ಅದು ಶುರುವಾಗಿದ್ದು ನಮ್ಮ ಚರ್ಚಿನಿಂದ. ಪ್ರತಿ ತಿಂಗಳೂ ನಮ್ಮ ಸಭೆಯ ಸ್ತ್ರೀಯರ ಕೂಟ ನಡೆಯುತ್ತದೆ. ಅದನ್ನು ನಡೆಸುವ ಅಕ್ಕ ಹಿರಿಯರು, ಶಿಸ್ತಿನವರು, ಯಾರಿಗೆ ಜ್ವರ ಬಂದರೂ ಗಂಜಿ ಹೊತ್ತುಕೊಂಡು ಹೋಗುವವರು. ನಮ್ಮ ಎದುರುಮನೆಯಲ್ಲಿ ಮುಸ್ಲಿಮರು ಇದ್ದಾರೆ ಅಂತ ತಿಳಿದ ದಿನ ಅವರು ನನ್ನ ಕೈಗೆ ಒಂದು ಚಿಕ್ಕ ಪುಸ್ತಕ ಕೊಟ್ಟರು. ಮುಸ್ಲಿಮರಿಗೆ ಸುವಾರ್ತೆ ಹೇಳುವ ಪುಸ್ತಕ. “ಸುಮ್ಮನೆ ಅವರ ಬಾಗಿಲಲ್ಲಿ ಪೇಪರ್ ಜೊತೆ ಇಟ್ಟುಬಿಡಿ. ಯಾರು ಇಟ್ಟಿದ್ದು ಅಂತ ಗೊತ್ತಾಗೋದು ಬೇಡ,” ಅಂದರು.

ನಾನು ಅದನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಬಂದೆ. ಯೇಸುಸ್ವಾಮಿ ನನಗೆ ಬರೀ ಭಾನುವಾರದ ಸಂಗತಿಯಲ್ಲ. ನನ್ನ ಕಷ್ಟದ ದಿನಗಳಲ್ಲಿ ಕೈ ಹಿಡಿದು ನಡೆಸಿದವನು ಅವನೇ ಅಂತ ನಂಬಿದವಳು ನಾನು. ಅವನ ವಿಷಯ ಭಾಬಿಗೆ ಹೇಳಬೇಕು ಅನ್ನುವ ಆಸೆ ನನಗೂ ಇತ್ತು. ಆದರೆ ಪೇಪರಿನೊಳಗೆ ಅಡಗಿಸಿ? ಹಂದಿ ತಿಂತೀರಾ ಅಂತ ಮುಖ ನೋಡಿ ಕೇಳಿದ ಹೆಂಗಸಿಗೆ ಕದ್ದು ಮುಚ್ಚಿ ಪುಸ್ತಕ ಇಡುವುದೇ? ಮನಸ್ಸು ಬರಲಿಲ್ಲ.

ಎರಡು ದಿನ ಬಿಟ್ಟು ಭಾಬಿ ಕಸೂತಿ ಹಾಕುತ್ತಿದ್ದಾಗ ಹೋಗಿ ಎದುರಿಗೆ ಕೂತೆ. “ಭಾಬಿ, ನಮ್ಮ ಸಭೆಯವರು ನಿಮಗೆ ಕೊಡು ಅಂತ ಒಂದು ಪುಸ್ತಕ ಕೊಟ್ಟಿದ್ದಾರೆ. ನೀವು ಕ್ರಿಸ್ತನನ್ನ ನಂಬಬೇಕು ಅಂತ ಬರೆದಿರೋ ಪುಸ್ತಕ. ನಾನಿನ್ನೂ ಓದಿಲ್ಲ. ಬೇಕಾದ್ರೆ ಕೊಡ್ತೀನಿ, ಬೇಡ ಅಂದ್ರೆ ವಾಪಸ್ ಕೊಡ್ತೀನಿ.”

ಅವರ ಸೂಜಿ ನಿಂತಿತು. ನನ್ನನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಮುಗಿಯಿತು, ಸಿಟ್ಟು ಬಂತು ಅಂದುಕೊಂಡೆ. ಒಳಗಿನಿಂದ ಬೀರು ತೆಗೆದ ಸದ್ದು. ವಾಪಸು ಬಂದಾಗ ಅವರ ಕೈಯಲ್ಲೂ ಒಂದು ಚಿಕ್ಕ ಪುಸ್ತಕ! ಹಸಿರು ರಟ್ಟು, ಕನ್ನಡದಲ್ಲೇ ಅಚ್ಚಾದದ್ದು.

“ನಮ್ಮ ನಾದಿನಿ ಕೊಟ್ಟಿದ್ದು,” ಅಂದರು. “ಎದುರುಮನೆ ಕ್ರಿಶ್ಚನ್ ಟೀಚರ್‌ಗೆ ಕೊಡು, ಪುಣ್ಯ ಬರುತ್ತೆ ಅಂದ್ಳು. ಹೆಂಗೆ ಕೊಡೋದು ಅಂತ ಗೊತ್ತಾಗ್ದೆ ಸೀರೆ ಕೆಳಗೆ ಇಟ್ಟಿದ್ದೆ.”

ಆಮೇಲೆ ನಾವು ನಕ್ಕ ನಗು ಕೆಳಗಿನ ಓನರ್ ಅಮ್ಮನಿಗೂ ಕೇಳಿಸಿತಂತೆ. ನಗು ನಿಂತ ಮೇಲೆ ಪುಸ್ತಕಗಳನ್ನು ಅದಲು ಬದಲು ಮಾಡಿಕೊಂಡೆವು. ಕೈಗೆ ಬಂದದ್ದನ್ನು ಓದಿಕೊಂಡು, ಶನಿವಾರ ಮಧ್ಯಾಹ್ನ ಕೂತು ಮಾತಾಡುವುದು ಅಂತಾಯಿತು.

ಶನಿವಾರ ನಾನು ಅಭ್ಯಾಸಬಲದಿಂದ ಕೆಂಪು ಪೆನ್ನು ಹಿಡಿದುಕೊಂಡೇ ಹೋದೆ. ಹೋಗಿದ್ದೇ ಒಳ್ಳೆಯದಾಯಿತು. ನಾನು ಕೊಟ್ಟ ಪುಸ್ತಕದಲ್ಲಿ ಮುಸ್ಲಿಮರು ಚಂದ್ರನನ್ನು ಪೂಜಿಸುತ್ತಾರೆ ಅಂತಿತ್ತು.

“ಚಂದ್ರನ್ನ ನೋಡ್ತೀವಿ ಟೀಚರ್, ಪೂಜೆ ಎಲ್ಲಿ ಮಾಡ್ತೀವಿ? ನಿಮಗೆ ಕ್ಯಾಲೆಂಡರ್ ಗೋಡೆ ಮೇಲಿದೆ, ನಮ್ಮದು ಆಕಾಶದಲ್ಲಿದೆ. ಹಾಕಿ ಅದಕ್ಕೆ ಅಡ್ಡಗೆರೆ.”

ಗೆರೆ ಹಾಕಿದೆ. ಮುಸ್ಲಿಮರಿಗೆ ಯೇಸುವಿನ ತಾಯಿಯ ಮೇಲೆ ಗೌರವವಿಲ್ಲ ಅಂತ ಇನ್ನೊಂದು ಕಡೆ ಇತ್ತು. ಅಲ್ಲಿ ಭಾಬಿಗೆ ನಿಜವಾಗಿಯೂ ರೇಗಿತು. ತಮ್ಮ ಪವಿತ್ರ ಗ್ರಂಥದಲ್ಲಿ ಮರಿಯಮ್ಮನ ಹೆಸರಿನಲ್ಲೇ ಒಂದು ಅಧ್ಯಾಯವಿದೆ ಅಂದರು. ನನಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷ ಬೆಂಗಳೂರಿನಲ್ಲಿ ಮಸೀದಿಗಳ ಪಕ್ಕದಲ್ಲೇ ಓಡಾಡಿದ ನನಗೆ ಗೊತ್ತಿರಲಿಲ್ಲ.

ಹಸಿರು ಪುಸ್ತಕದ ಸರದಿ ಬಂತು. ಅದರಲ್ಲಿ ನಾವು ಮೂರು ದೇವರನ್ನು ಪೂಜಿಸುತ್ತೇವೆ, ತಂದೆ ಒಬ್ಬ, ಮಗ ಒಬ್ಬ, ಮರಿಯಮ್ಮ ಒಬ್ಬಳು ಅಂತಿತ್ತು. ಅಡ್ಡಗೆರೆ. ನಾವು ಚರ್ಚಿನಲ್ಲಿ ಹೆಂಡ ಕುಡಿಯುತ್ತೇವೆ ಅಂತಿತ್ತು. “ದ್ರಾಕ್ಷಿ ರಸ ಭಾಬಿ. ನಾನೇ ಕುದಿಸಿ ಸೋಸಿ ಕೊಟ್ಟಿದ್ದೀನಿ,” ಅಂತ ಅದಕ್ಕೂ ಗೆರೆ ಎಳೆದೆ. ವಾರವೆಲ್ಲ ಬೇಕಾದ ಹಾಗೆ ಪಾಪ ಮಾಡಿ ಭಾನುವಾರ ಕ್ಷಮೆ ಕೇಳಿದರೆ ಮುಗಿಯಿತು ಅಂತ ಕ್ರೈಸ್ತರು ತಿಳಿದಿದ್ದಾರೆ ಅಂತ ಇನ್ನೊಂದು ಮಾತು. ಅಲ್ಲಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದೆ.

“ಏನು, ಇದು ಸರಿನಾ?” ಅಂದರು.

“ನಮ್ಮ ಗ್ರಂಥ ಹಾಗೆ ಹೇಳಲ್ಲ. ಆದ್ರೆ ನಮ್ಮಲ್ಲಿ ಕೆಲವರು ಹಾಗೆ ಬದುಕ್ತಾರೆ. ಅರ್ಧ ಮಾರ್ಕ್ಸು.”

ಎರಡೂ ಪುಸ್ತಕ ಫೇಲಾದವು. ಚಹಾ ಬಂತು. ಅಲ್ಲಿಗೇ ಎದ್ದು ಬಂದಿದ್ದರೆ ಆವತ್ತು ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಭಾಬಿ ಲೋಟ ಕೆಳಗಿಟ್ಟು, “ಇಷ್ಟೆಲ್ಲ ತಪ್ಪು ಹೊಡೆದ್ರಿ. ನಿಮ್ಮ ಪುಸ್ತಕದಲ್ಲಿ ಈಸಾ ಶಿಲುಬೆ ಮೇಲೆ ಸತ್ತರು, ಅವರು ದೇವರ ಮಗ ಅಂತ ಇದೆಯಲ್ಲ, ಅದನ್ನ ಹಂಗೇ ಬಿಟ್ರಿ,” ಅಂದರು.

“ಅದು ತಪ್ಪಲ್ಲ ಭಾಬಿ.”

“ನಮಗೆ ಅದೇ ದೊಡ್ಡ ತಪ್ಪು. ಅವರು ಪೈಗಂಬರರು. ಅಲ್ಲಾ ಅವರನ್ನ ಆ ಸಾವಿಂದ ಕಾಪಾಡಿದ. ಅಷ್ಟು ದೊಡ್ಡವರನ್ನ ಅಷ್ಟು ಕೆಟ್ಟದಾಗಿ ಸಾಯಕ್ಕೆ ಅವನು ಬಿಡಲ್ಲ.”

“ನನಗೆ ಆ ಸಾವೇ ಎಲ್ಲ. ಅವನು ನನಗೋಸ್ಕರ ಸತ್ತ, ಮತ್ತೆ ಎದ್ದ. ಅದು ಸುಳ್ಳಾದ್ರೆ ನನ್ನ ಹತ್ರ ಏನೂ ಉಳಿಯಲ್ಲ.”

ಎಲ್ಲ ಧರ್ಮದ ಸಾರವೂ ಒಂದೇ ಅಂತ ಒಂದು ಮಾತು ಹೇಳಿ ಮುಗಿಸಬಹುದಿತ್ತು. ಶಾಲೆಯ ವಾರ್ಷಿಕೋತ್ಸವದ ವೇದಿಕೆಗಳಲ್ಲಿ ನಾನೇ ಎಷ್ಟೋ ಸಲ ಆ ಮಾತು ಹೇಳಿದ್ದೆ. ಆವತ್ತು ಬಾಯಿಗೆ ಬರಲಿಲ್ಲ. ಯಾಕೆಂದರೆ ಎದುರಿಗೆ ಕೂತ ಹೆಂಗಸಿಗೆ ಅದು ಒಂದೇ ಅಲ್ಲ, ನನಗೂ ಅಲ್ಲ. ನಾನು ಪೆನ್ನಿನ ಮುಚ್ಚಳ ಹಾಕಿ ಮನೆಗೆ ಬಂದೆ.

ಆಮೇಲೆ ಭಾಬಿ ನಮ್ಮನೆಗೆ ಬರಲಿಲ್ಲ. ಭಾನುವಾರ ಬರಲಿಲ್ಲ, ಸೋಮವಾರ ಬರಲಿಲ್ಲ. ಟೆರೇಸಿನಲ್ಲಿ ಸಿಕ್ಕರೆ ಚುಟುಕಾಗಿ ಮಾತು. ಕೊತ್ತಂಬರಿ ಸೊಪ್ಪು ಕೇಳುವ ನೆಪದಲ್ಲಿ ನಾನೇ ಒಂದು ಸಲ ಬಾಗಿಲು ತಟ್ಟಿದೆ. ಸೊಪ್ಪು ಕೊಟ್ಟರು, ಒಳಗೆ ಕರೆಯಲಿಲ್ಲ. ನಮ್ಮನೆಯವರು, “ಕ್ರಿಕೆಟ್ ಮಾತಾಡಬೇಕಿತ್ತು,” ಅಂದರು. ನನಗೆ ಅಳು ಬಂದಿತ್ತು, ನಗು ಬರಲಿಲ್ಲ.

ವಾರದ ಕೊನೆಗೆ ಅವರೇ ಬಂದರು. ಕೈಯಲ್ಲಿ ಒಂದು ಡಬ್ಬಿ ಖೀಮಾ. ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟು ಕುರ್ಚಿ ಎಳೆದುಕೊಂಡರು.

“ನಂಗೆ ನಿಮ್ಮ ಮೇಲೆ ಸಿಟ್ಟು ಬಂದಿರಲಿಲ್ಲ ಟೀಚರ್. ದುಃಖ ಆಗ್ತಿತ್ತು.”

“ಯಾಕೆ?”

“ಇಷ್ಟು ಒಳ್ಳೇ ಹೆಂಗಸು, ಪಾಪ, ನರಕಕ್ಕೆ ಹೋಗ್ತಾರಲ್ಲ ಅಂತ.”

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ. ಆಗ ನಾನೂ ಹೇಳಿಬಿಟ್ಟೆ. “ಭಾಬಿ, ನಿಮ್ಮ ಬಗ್ಗೆ ನನಗೂ ಅದೇ ಚಿಂತೆ. ದಿನಾ ಬೆಳಿಗ್ಗೆ ಪ್ರಾರ್ಥನೇಲಿ ನಿಮ್ಮ ಹೆಸರು ತಗೋತೀನಿ. ಯೇಸು ನಿಮಗೆ ತನ್ನನ್ನ ತೋರಿಸಿಕೊಳ್ಳಲಿ ಅಂತ ಕೇಳ್ತೀನಿ. ಇಲ್ಲ ಅಂದ್ರೆ ಸುಳ್ಳಾಗುತ್ತೆ.”

“ನಾನೂ ದುವಾದಲ್ಲಿ ಕೇಳ್ತೀನಿ. ಟೀಚರ್‌ಗೆ ಈಮಾನ್ ಕೊಡು, ನಿಜವಾದ ನಂಬಿಕೆ ಕೊಡು ಅಂತ.”

“ಹಾಗಾದ್ರೆ ಇಬ್ಬರೂ ಒಂದೇ ಕೆಲಸ ಮಾಡ್ತಿದ್ದೀವಿ.”

“ಹ್ಞೂಂ. ಖೀಮಾ ಬಿಸಿ ಇರೋವಾಗ್ಲೇ ತಿನ್ನಿ.”

ಆವತ್ತು ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಬರೆದಿಡಲಿಲ್ಲ, ಬಾಯಿಮಾತಿನದು. ಏನು ಬೇಕಾದರೂ ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ನಂಬಿಸಲು ಪ್ರಯತ್ನ ಪಡಬಹುದು, ಆದರೆ ಎದುರೆದುರೇ. ಒಪ್ಪದಿದ್ದರೆ ಮುನಿಸಿಕೊಳ್ಳಬಾರದು, ಮುನಿಸು ಬಂದರೂ ಅಡುಗೆ ಕೊಡುವುದು ನಿಲ್ಲಿಸಬಾರದು. ಕೊನೆಯದನ್ನು ಸೇರಿಸಿದ್ದು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನಮ್ಮನೆಯವರು.

ಮುಂದಿನ ವರ್ಷ, ಈಸ್ಟರ್‌ಗೆ ಮುಂಚಿನ ನಮ್ಮ ಲೆಂಟ್ ಕಾಲದ ಮಧ್ಯೆಯೇ ರಂಜಾನ್ ಬಂತು. ಎರಡೂ ಮನೆಯಲ್ಲಿ ಉಪವಾಸ. ನಾನು ಆ ನಲವತ್ತು ದಿನ ಮಾಂಸ ಬಿಡುತ್ತೇನೆ, ಶುಕ್ರವಾರ ಒಂದು ಹೊತ್ತು ಊಟ ಮಾಡುತ್ತೇನೆ. ಭಾಬಿಗೆ ಇದು ಉಪವಾಸ ಅಂತಲೇ ಅನ್ನಿಸಲಿಲ್ಲ. “ನೀರು ಕುಡೀತೀರಾ, ಕಾಫಿ ಕುಡೀತೀರಾ, ಚಟ್ನಿ ಜೊತೆ ಇಡ್ಲಿ ತಿಂತೀರಾ. ಇದಕ್ಕೆ ಉಪವಾಸ ಅಂತ ಯಾರು ಹೆಸರಿಟ್ಟರು?” ಅಂತ ರೇಗಿಸುತ್ತಿದ್ದರು. ನೀವು ಸೂರ್ಯ ಮುಳುಗಿದ ಮೇಲೆ ತಿನ್ನುವುದನ್ನು ನಾನು ಇಡೀ ದಿನದಲ್ಲೂ ತಿನ್ನುವುದಿಲ್ಲ ಅಂತ ನಾನೂ ಬಿಡುತ್ತಿರಲಿಲ್ಲ.

ಗುಡ್ ಫ್ರೈಡೆ ದಿನ ನಾನು ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಟು ನಿಂತಿದ್ದೆ. ಆವತ್ತು ಮಧ್ಯಾಹ್ನ ನಮಗೆ ಮೂರು ಗಂಟೆಯ ಆರಾಧನೆ. ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಬಾಗಿಲು ತೆಗೆದರೆ ಎದುರುಮನೆಯ ಬಾಗಿಲೂ ತೆರೆದಿತ್ತು. ಭಾಯಿ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಂಗಿ ಬೆವರಿನಲ್ಲಿ ಅಂಟಿಕೊಂಡಿತ್ತು. ಭಾಬಿ ಅವರ ಎದೆ ತಿಕ್ಕುತ್ತಾ, “ಟೀಚರ್, ಇವರಿಗೆ ಏನೋ ಆಗ್ತಿದೆ,” ಅಂದರು.

ನಮ್ಮನೆಯವರು ಕಾರು ತೆಗೆದರು. ಜೆ.ಪಿ. ನಗರದ ಆಸ್ಪತ್ರೆಗೆ ಹೋಗುವವರೆಗೂ ಭಾಯಿ ಒಂದೇ ಮಾತಾಡಿದ್ದು: “ಅಂಗಡಿ ಬೀಗ ಹಾಕಿದ್ನೋ ಇಲ್ವೋ.” ಎಮರ್ಜೆನ್ಸಿಯಲ್ಲಿ ನೋಡಿದ ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ರಕ್ತನಾಳ ಮುಚ್ಚಿಕೊಂಡಿದೆ, ಈಗಲೇ ಸ್ಟೆಂಟ್ ಹಾಕಬೇಕು ಅಂದರು. ಭಾಬಿ ಸಹಿ ಹಾಕಿದರು. ಬಾಗಿಲು ಮುಚ್ಚಿತು. ತುಮಕೂರಿನಿಂದ ಮಗಳು ಹೊರಟಿದ್ದಳು, ಬರಬೇಕಿತ್ತು. ನಮ್ಮನೆಯವರು ಅಂಗಡಿಯ ಬೀಗ ನೋಡಿಬರಲು ಹೋದರು. ಅವರಿಗೆ ಕೈಕಟ್ಟಿ ಕೂರಲು ಬರುವುದಿಲ್ಲ. ನಾನು, ಭಾಬಿ ಕಾರಿಡಾರಿನ ಸ್ಟೀಲ್ ಕುರ್ಚಿಗಳಲ್ಲಿ ಕೂತೆವು.

ಸ್ವಲ್ಪ ಹೊತ್ತಿನ ಮೇಲೆ ಭಾಬಿ ನನ್ನ ಸೀರೆ ನೋಡಿದರು. “ಇವತ್ತು ನಿಮ್ಮ ದೊಡ್ಡ ದಿನ ಅಲ್ವಾ? ಹೋಗಿ ಟೀಚರ್. ನಾನು ಇರ್ತೀನಿ.”

“ಆ ದಿನ ಶಿಲುಬೆ ಮೇಲೆ ಕಷ್ಟದಲ್ಲಿದ್ದವನ ಹತ್ರ ಕೊನೇವರೆಗೂ ನಿಂತಿದ್ದು ಹೆಂಗಸರು ಭಾಬಿ. ನಾನು ಇಲ್ಲಿ ಕೂತರೂ ಅದೇ ಲೆಕ್ಕ.”

ಅವರು ವಾದ ಮಾಡಲಿಲ್ಲ. ಆಮೇಲೆ, ತೀರಾ ಸಣ್ಣ ದನಿಯಲ್ಲಿ, “ನಿಮ್ಮ ಥರ ಒಂದು ದುವಾ ಮಾಡಿ. ನನಗೆ ಮಾತೇ ಬರ್ತಿಲ್ಲ,” ಅಂದರು.

ಎಷ್ಟು ತಿಂಗಳಿಂದ ಅವರಿಗೋಸ್ಕರ ಪ್ರಾರ್ಥಿಸಿದವಳು ನಾನು! ಆದರೂ ಅವರೇ ಕೇಳಿದಾಗ ತಡವರಿಸಿದೆ. “ಮಾಡ್ತೀನಿ. ಆದ್ರೆ ನಾನು ಪ್ರಾರ್ಥನೆ ಮುಗಿಸೋದು ಯೇಸುವಿನ ಹೆಸರಲ್ಲಿ. ನಿಮ್ಮ ಮುಂದೆ ಅದನ್ನ ನುಂಗಿಕೊಂಡು ಮಾಡಿದ್ರೆ ಅದು ನನ್ನ ಪ್ರಾರ್ಥನೆ ಆಗಲ್ಲ. ಪರವಾಗಿಲ್ವಾ?”

ಅವರು ಎದುರಿನ ಗೋಡೆ ನೋಡುತ್ತಾ ಯೋಚಿಸಿದರು. ಗಂಡ ಒಳಗೆ ಸಾವು ಬದುಕಿನ ಮಧ್ಯೆ ಮಲಗಿರುವಾಗಲೂ ಯೋಚಿಸಿಯೇ ಉತ್ತರ ಕೊಟ್ಟರು. “ಕೇಳೋದು ಯಾರ ಹತ್ರ?”

“ಭೂಮಿ ಆಕಾಶ ಮಾಡಿದವನ ಹತ್ರ.”

“ಹಂಗಾದ್ರೆ ಮಾಡಿ. ನಾನು ಆಮೀನ್ ಅನ್ನೋ ಕಡೆ ಅಂತೀನಿ. ಅನ್ನಬಾರದ ಕಡೆ ಸುಮ್ನಿರ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು.”

ಅವರ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು. ಕಣ್ಣು ಮುಚ್ಚಿ ಕನ್ನಡದಲ್ಲಿ ಪ್ರಾರ್ಥಿಸಿದೆ. ಸ್ವಾಮೀ, ಈ ಮನುಷ್ಯನ ಎದೆಯನ್ನು ನೀನೇ ಮಾಡಿದವನು, ಅದರ ದಾರಿಗಳು ನಿನಗೆ ಗೊತ್ತು ಅಂದೆ. ಆಮೀನ್ ಅಂದರು. ಡಾಕ್ಟರ ಕೈಗೆ ಬುದ್ಧಿ ಕೊಡು ಅಂದೆ. ಆಮೀನ್. ದಾರಿಯಲ್ಲಿರುವ ಮಗಳಿಗೆ ಧೈರ್ಯ ಕೊಡು, ಇವರನ್ನು ಮನೆಗೆ ಕಳಿಸಿಕೊಡು. ಆಮೀನ್, ಆಮೀನ್. ಯೇಸುವಿನ ಹೆಸರಿನಲ್ಲಿ ಬೇಡುತ್ತೇನೆ ಅಂದೆ. ಕಾರಿಡಾರಿನಲ್ಲಿ ಯಾರದೋ ಟ್ರಾಲಿ ಉರುಳಿಕೊಂಡು ಹೋದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನೊಬ್ಬಳೇ ಆಮೆನ್ ಅಂದೆ.

ಆ ಮೌನ ನನ್ನನ್ನು ಚುಚ್ಚಲಿಲ್ಲ ಅಂದರೆ ಸುಳ್ಳು. ಆದರೆ ಅವರು ಕೈ ಬಿಡಿಸಿಕೊಳ್ಳಲಿಲ್ಲ. ಮೊದಲಿಗಿಂತ ಬಿಗಿಯಾಗಿಯೇ ಹಿಡಿದಿದ್ದರು.

ಆಮೇಲೆ ಅವರು ಎರಡೂ ಅಂಗೈ ಬಿಡಿಸಿ ತಮ್ಮ ದುವಾ ಮಾಡಿದರು. ನಾನು ತಲೆ ಬಗ್ಗಿಸಿ ಕೂತೆ. ಅರಬ್ಬಿಯಲ್ಲಿ ಹೇಳಿದ್ದು ನನಗೆ ತಿಳಿಯಲಿಲ್ಲ, ಸುಮ್ಮನಿದ್ದೆ. ಕೊನೆಗೆ ಅವರ ಮನೆಮಾತಿನಲ್ಲಿ, ಮಾಲಿಕ್, ಇವರನ್ನು ನನಗೆ ವಾಪಸು ಕೊಡು ಅಂದಾಗ ಮನಸ್ಫೂರ್ತಿಯಾಗಿ ಆಮೆನ್ ಅಂದೆ.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಸರಿಯಾದ ಸಮಯಕ್ಕೆ ಕರೆತಂದಿದ್ದೀರಿ, ಅಪಾಯವಿಲ್ಲ ಅಂದರು. ಭಾಬಿ ಕುರ್ಚಿಯಲ್ಲೇ ಕುಸಿದು ಕೂತು ಅತ್ತರು. ಅಷ್ಟರಲ್ಲಿ ಮಗಳೂ ಬಂದಳು. ಸಂಜೆ ಉಪವಾಸ ಬಿಡುವ ಹೊತ್ತಿಗೆ ನಮ್ಮನೆಯವರು ಬಾಳೆಹಣ್ಣು, ಖರ್ಜೂರ, ನೀರಿನ ಬಾಟಲು ತಂದರು. ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ. ಭಾಬಿಗೆ ಅದು ಆಗಲೇ ಹೊಳೆದದ್ದು.

“ನೀರು ಕುಡಿದ್ರಾ?”

“ಇಲ್ಲ, ಮರೆತೇಹೋಯ್ತು.”

“ಇವತ್ತು ನಿಮ್ಮದು ನಿಜವಾದ ಉಪವಾಸ ಟೀಚರ್,” ಅಂತ ಖರ್ಜೂರದ ಬೀಜ ತೆಗೆದು ನನ್ನ ಕೈಗಿಟ್ಟರು.

ಭಾಯಿ ಮನೆಗೆ ಬಂದರು. ಈಗ ಬೆಳಿಗ್ಗೆ ನಮ್ಮನೆಯವರ ಜೊತೆ ವಾಕಿಂಗ್ ಹೋಗುತ್ತಾರೆ, ಬೀಡಿ ಬಿಟ್ಟಿದ್ದಾರೆ. ಬಿಟ್ಟಿದ್ದೇನೆ ಅಂತ ಭಾಬಿಗೆ ಹೇಳಿದ್ದಾರೆ, ಅಷ್ಟು ಮಾತ್ರ ನಾನು ಹೇಳಬಲ್ಲೆ.

ಈದ್ ಕಳೆದ ಮೇಲೆ ನಮ್ಮ ಸ್ತ್ರೀಯರ ಕೂಟಕ್ಕೆ ಹೋದೆ. ಪುಸ್ತಕ ಕೊಟ್ಟಿದ್ದ ಅಕ್ಕ, “ಏನಾಯ್ತು, ಇಟ್ರಾ?” ಅಂತ ವಿಚಾರಿಸಿದರು. ಕೆಂಪು ಗೆರೆಗಳ ಸಮೇತ ಅದನ್ನು ಅವರಿಗೆ ವಾಪಸು ಕೊಟ್ಟೆ. ಪುಟ ತಿರುವಿದ ಹಾಗೆ ಅವರ ಮುಖ ಬಿಗಿಯಿತು.

“ದೊಡ್ಡ ದೊಡ್ಡವರು ಬರೆದಿದ್ದು ಇದು.”

“ಇರಬಹುದು ಅಕ್ಕ. ನೆರೆಯವರ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅಂತ ಸಂಡೇ ಸ್ಕೂಲ್ ಮಕ್ಕಳಿಗೆ ನಾವೇ ಕಲಿಸ್ತೀವಿ. ಇದರಲ್ಲಿ ಅದೇ ಇದೆ.”

ಅವರಿಗೆ ನೋವಾಯಿತು, ಕಂಡಿತು. ಆದರೆ ದೊಡ್ಡ ಮನಸ್ಸಿನವರು. ಆರಾಧನೆಯ ಹಾಡು ಮುಗಿಯುವಷ್ಟರಲ್ಲಿ ನನ್ನ ಪಕ್ಕಕ್ಕೆ ಬಂದು, “ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ. ಅವರ ಬಾಯಿಂದಲೇ ಕೇಳೋಣ,” ಅಂದರು.

ಭಾಬಿ ಒಂದೇ ಮಾತಿಗೆ ಒಪ್ಪಿದರು. ಮುಂದಿನ ತಿಂಗಳು ಬುರ್ಖಾ ತೊಟ್ಟು, ಶ್ಯಾವಿಗೆ ಪಾಯಸದ ದೊಡ್ಡ ಡಬ್ಬಿ ಹಿಡಿದು ನನ್ನ ಜೊತೆ ಬಂದರು. ಕೂಟದಲ್ಲಿ ಎಲ್ಲರೂ ಒಂದು ಕ್ಷಣ ಗಟ್ಟಿಯಾಗಿ ಉಸಿರಾಡಲೂ ಹೆದರಿದ ಹಾಗಿತ್ತು. ಕೊನೆಗೆ ಅಕ್ಕನೇ ಧೈರ್ಯ ಮಾಡಿ, “ಇದರಲ್ಲಿ ಸೆಕೆ ಆಗಲ್ವಾ?” ಅಂದರು.

“ಆಗುತ್ತೆ ಮೇಡಂ. ನಿಮಗೆ ಈ ಬಿಸಿಲಲ್ಲಿ ರೇಷ್ಮೆ ಸೀರೆ ಸೆಕೆ ಆಗಲ್ವಾ?”

ನಗುವಿಗೆ ಕೋಣೆ ಸಡಿಲವಾಯಿತು. ಆಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು. ನಮಾಜಿನಲ್ಲಿ ಏನು ಹೇಳುತ್ತೀರಿ, ಮಗಳ ಮದುವೆಗೆ ಅವಳ ಒಪ್ಪಿಗೆ ಕೇಳುತ್ತೀರಾ, ಅತ್ತೆ ಕಾಟ ನಿಮ್ಮಲ್ಲೂ ಇದೆಯಾ. ಕೊನೆಯದಕ್ಕೆ ಉತ್ತರ ಉದ್ದವಾಯಿತು. ಹಿಂದೆ ಕೂತಿದ್ದ ಒಬ್ಬರು, “ಯೇಸು ದೇವರ ಮಗ ಅಂತ ನೀವು ಯಾಕೆ ಒಪ್ಪಲ್ಲ?” ಅಂತ ಕೇಳಿದರು.

“ನಾನು ತಿಳಿದಿರೋ ದೇವರಿಗೆ ಮಕ್ಕಳಿಲ್ಲ. ಅದು ನನ್ನ ನಂಬಿಕೆ, ಸಾಯೋವರೆಗೂ ಇರುತ್ತೆ ಅಂತ ಅಂದ್ಕೊಂಡಿದ್ದೀನಿ,” ಅಂದರು ಭಾಬಿ. “ಟೀಚರ್ ಎಷ್ಟೋ ಸಲ ಹೇಳಿದ್ದಾರೆ, ನಾನು ಒಪ್ಪಿಲ್ಲ. ಆದ್ರೂ ಅವರು ಹೇಳಿದ್ರೆ ಕೇಳ್ತೀನಿ. ಯಾಕಂದ್ರೆ ನಾನು ಹೇಳೋದನ್ನ ಅವರೂ ಪೂರ್ತಿ ಕೇಳ್ತಾರೆ, ಮಧ್ಯೆ ಬಾಯಿ ಹಾಕಲ್ಲ.”

ಅದು ಅಷ್ಟು ನಿಜವಲ್ಲ. ನಾನು ಮಧ್ಯೆ ಬಾಯಿ ಹಾಕುತ್ತೇನೆ. ಆದರೆ ಆವತ್ತು ತಿದ್ದಲು ಹೋಗಲಿಲ್ಲ.

ಪಾಯಸ ಖಾಲಿಯಾಯಿತು. ಅಕ್ಕ ತಮ್ಮ ಸೊಸೆಯ ಬ್ಲೌಸಿಗೆ ಕಸೂತಿ ಹಾಕಿಸಬೇಕು ಅಂತ ಭಾಬಿಯ ಫೋನ್ ನಂಬರ್ ತೆಗೆದುಕೊಂಡರು. ಆಟೋದಲ್ಲಿ ಬನಶಂಕರಿ ದಾಟಿ ಬರುವಾಗ ಟ್ರಾಫಿಕ್ಕಿನಲ್ಲಿ ನಿಂತೆವು. ಭಾಬಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಾ, “ಟೀಚರ್, ದೇವರಿಗೆ ಕ್ಷಮಿಸಬೇಕು ಅನ್ನಿಸಿದ್ರೆ ಸುಮ್ನೆ ಕ್ಷಮಿಸಬಹುದಲ್ವಾ? ಅದಕ್ಕೆ ಯಾರೋ ಸಾಯೋದು ಯಾಕೆ ಬೇಕು?” ಅಂದರು.

ಚಿಕ್ಕಂದಿನಿಂದ ಕೇಳಿದ ಉತ್ತರಗಳೆಲ್ಲ ನಾಲಿಗೆಯ ತುದಿಗೆ ಬಂದವು. ಯಾವುದನ್ನೂ ಹಾಗೇ ಒಪ್ಪಿಸಲು ಇಷ್ಟವಾಗಲಿಲ್ಲ. “ನನಗೆ ಪೂರ್ತಿ ಗೊತ್ತಿಲ್ಲ ಭಾಬಿ. ಗೊತ್ತಿರೋಷ್ಟು ಹೇಳ್ತೀನಿ,” ಅಂದೆ. ನಮ್ಮಪ್ಪನ ವಿಷಯ ಹೇಳಿದೆ. ನಮ್ಮ ಚಿಕ್ಕಪ್ಪ ಕುಡಿದು ಮನೆತನವನ್ನೇ ಹಾಳು ಮಾಡಿದಾಗ ಅಪ್ಪ ಅವನನ್ನು ಕ್ಷಮಿಸಿ ಮನೆಯೊಳಗೆ ಕರೆದುಕೊಂಡರು. ಕ್ಷಮಿಸಿದೆ ಅಂದದ್ದು ಒಂದು ಮಾತು. ಆದರೆ ಅದರ ಭಾರ ಅಪ್ಪನ ಮೈಮೇಲೆ ವರ್ಷಗಟ್ಟಲೆ ಕೂತಿದ್ದನ್ನು ನಾನು ನೋಡಿದ್ದೆ. ಕ್ಷಮಿಸುವವನಿಗೆ ನೋವು ತಪ್ಪುವುದಿಲ್ಲ ಅಂತ ನನಗೆ ಮೊದಲು ಗೊತ್ತಾಗಿದ್ದು ಅಲ್ಲಿ. ದೇವರು ಆ ನೋವನ್ನು ತಾನೇ ಹೊತ್ತ ಅಂತ ನಾನು ನಂಬಿರುವುದಾಗಿ ಹೇಳಿದೆ.

ಭಾಬಿ ಪೂರ್ತಿ ಕೇಳಿಸಿಕೊಂಡರು. ಸಿಗ್ನಲ್ ಬಿಟ್ಟು, ಆಟೋ ಸಾರಕ್ಕಿ ದಾಟಿ, ನಮ್ಮ ರಸ್ತೆಗೆ ತಿರುಗಿತು.

“ಒಪ್ಪಲ್ಲ,” ಅಂದರು. “ಆದ್ರೆ ನಿಮ್ಮಪ್ಪನ ವಿಷಯ ಇನ್ನೊಂಚೂರು ಹೇಳಿ.”

ಆಟೋದವರಿಗೆ ಗೇಟಿನ ಮುಂದೆ ನಿಲ್ಲಿಸಲು ಹೇಳಿ ಇಳಿದೆವು. ಮೆಟ್ಟಿಲು ಹತ್ತುತ್ತಾ ಅಪ್ಪನ ವಿಷಯ ಮುಂದುವರಿಸಿದೆ.